ಮನೆಯಲ್ಲೇ ಶಾಲೆ ಮಾಡಬಹುದೇ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನನಗೆ ಕೊಟ್ಟ ವಿಷಯ ‘ನಮ್ಮ ಶಾಲೆಯಿಂದ ಸಾಫ್ಟ್‌ವೇರ್‌ವರೆಗೆ’. ಅದನ್ನು ಬಿಟ್ಟು, ನಮ್ಮ ಮನೆಯಲ್ಲಿ ನಡೆಯುತ್ತಿರುವ ಒಂದು ಚರ್ಚೆಯನ್ನು ನಿಮ್ಮ ಮುಂದಿಡುತ್ತೇನೆ. ನಮ್ಮ ಮಗಳಿಗೆ ಬರುವ ಜೂನ್‌ಗೆ ಆರು ತುಂಬುತ್ತದೆ. ಅವಳನ್ನು ಒಂದನೇ ತರಗತಿಗೆ ಸೇರಿಸುವುದೋ, ಮನೆಯಲ್ಲೇ ಕಲಿಸುವುದೋ? ಸರ್ಕಾರಿ ಶಾಲೆಯ ವೇದಿಕೆಯಲ್ಲಿ ಕೇಳುವ ಪ್ರಶ್ನೆಯೇ ಇದು ಎಂದು ನಮ್ಮ ಗಣಿತದ ಮೇಷ್ಟ್ರು ಹುಬ್ಬೇರಿಸುತ್ತಿರುವುದು ಇಲ್ಲಿಂದಲೇ ಕಾಣುತ್ತಿದೆ.

ಮನೆಯಲ್ಲೇ ಕಲಿಸೋಣ ಎಂದವಳು ನನ್ನ ಹೆಂಡತಿ. ಕಾರಣವಿದೆ. ಮಗಳು ಬಿ.ಎಚ್. ರಸ್ತೆಯಲ್ಲಿ ಬಸ್ಸಿನ ಬೋರ್ಡು ನೋಡಿಯೇ ಓದಲು ಕಲಿತಳು. ‘ಭದ್ರಾವತಿ’ಯ ಒತ್ತಕ್ಷರವನ್ನು ಅವಳಿಗೆ ಯಾರೂ ಕೂರಿಸಿ ಹೇಳಿಕೊಟ್ಟಿಲ್ಲ. ಆಮೇಲೆ ಒಂದು ಖಾಸಗಿ ಶಾಲೆಯ ಯುಕೆಜಿಗೆ ಹೋದಳು. ತಿಂಗಳಿಗೊಂದು ಪರೀಕ್ಷೆ, ರಾತ್ರಿ ಎರಡು ಪುಟ ಹೋಂವರ್ಕ್. ದಿನಕ್ಕೆ ನೂರು ಪ್ರಶ್ನೆ ಕೇಳುತ್ತಿದ್ದ ಮಗು ಈಗ, “ಮಿಸ್ ಹಾಗೇ ಬರೀಬೇಕು ಅಂದಿದ್ದಾರೆ” ಎಂದು ಸುಮ್ಮನಾಗುತ್ತದೆ.

ಕಾನೂನು ನೋಡಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ; ಸೇರಿಸದ ಪೋಷಕರಿಗೆ ಆ ಕಾಯ್ದೆಯಲ್ಲಿ ದಂಡ ಹೇಳಿಲ್ಲ. ಹಾಗಾಗಿ ಕೆಲವು ಕುಟುಂಬಗಳು ಮನೆಯಲ್ಲೇ ಕಲಿಸುತ್ತವೆ. ಮುಂದೆ ಹದಿನಾಲ್ಕು ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಿಂದ ಹತ್ತನೇ ತರಗತಿಯ ಪರೀಕ್ಷೆ ಕಟ್ಟಿಸಬಹುದು. ಅಂದರೆ ಸರ್ಟಿಫಿಕೇಟಿನ ಚಿಂತೆ ನಾವು ಅಂದುಕೊಂಡಷ್ಟು ದೊಡ್ಡದಲ್ಲ.

ಹೆಂಡತಿಯ ದೊಡ್ಡ ಅಸ್ತ್ರ ಕುವೆಂಪು. ನಮ್ಮ ಜಿಲ್ಲೆಯವರ ಜೊತೆ ಈ ಹೆಸರು ಹೇಳಿದರೆ ವಾದ ಅಲ್ಲಿಗೇ ಮುಗಿಯುತ್ತದೆ! ಅವರ ಮೊದಲ ಪಾಠ ನಡೆದದ್ದು ಕುಪ್ಪಳಿಯ ಮನೆಯಲ್ಲೇ, ದಕ್ಷಿಣ ಕನ್ನಡದಿಂದ ಕರೆಸಿದ ಐಗಳಿಂದ. ಹೋದ ತಿಂಗಳು ಮೂವರೂ ಕವಿಮನೆಗೆ ಹೋಗಿ ಬಂದೆವು. ಉಪ್ಪರಿಗೆ ಹತ್ತುವಾಗ ನನಗೆ ಹೊಳೆದದ್ದು ಬೇರೆ. ಅದು ಆಳುಕಾಳು ತುಂಬಿದ ಕೂಡುಕುಟುಂಬ. ಜೊತೆಗೆ ಕೂರುವ ಮಕ್ಕಳಿದ್ದರು, ಪಾಠಕ್ಕೆಂದೇ ಒಬ್ಬ ಐಗಳಿದ್ದರು, ಹೊರಗೆ ಕಾಡಿತ್ತು. ಅಷ್ಟಿದ್ದೂ ಮುಂದಿನ ಓದಿಗೆ ತೀರ್ಥಹಳ್ಳಿಯ ಎ.ವಿ. ಶಾಲೆಗೇ ಹೋದರು. ನಮ್ಮದು ಎರಡು ಬೆಡ್‌ರೂಮಿನ ಮನೆ, ಒಂದೇ ಮಗು. ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ ನಿಜ, ಆದರೆ ಬೆಳಿಗ್ಗೆ ಹತ್ತರಿಂದ ರಾತ್ರಿ ಅಮೆರಿಕದ ಕಾಲ್ ಮುಗಿಯುವವರೆಗೆ ನನ್ನ ಬಾಗಿಲು ಮುಚ್ಚಿರುತ್ತದೆ.

ಹಾಗಾದರೆ ನಮ್ಮ ಮನೆಯ ಐಗಳು ಯಾರು? ಹೆಂಡತಿಯೇ. ಅವಳು ಕೆಲಸ ಬಿಡಬೇಕು. “ಬಿಡ್ತೀನಿ, ಅದು ನನ್ನ ನಿರ್ಧಾರ” ಎನ್ನುತ್ತಾಳೆ. ಈ ಮಾತಿಗೆ ಉತ್ತರ ಕೊಟ್ಟವರು ನಮ್ಮಮ್ಮ: “ಇವನು ಶಾಲೆಗೆ ಹೋಗ್ತಿದ್ದ ಹೊತ್ತಲ್ಲೇ ಕಣಮ್ಮ ನಾನು ಹೊಲಿಗೆ ಮಿಷನ್ ತುಳಿದದ್ದು. ಅವನ ಬಿಇ ಫೀಸು ಅದರಿಂದಲೇ ಕಟ್ಟಿದ್ದು.” ಶಾಲೆ ಮಕ್ಕಳಿಗೆ ಮಾತ್ರ ಏನೋ ಕೊಡುತ್ತದೆ ಎಂದುಕೊಂಡಿದ್ದೆ ನಾನು.

ಇನ್ನೊಂದು ಲೆಕ್ಕವೂ ಇದೆ. ಇಲ್ಲಿ ನನ್ನ ಬೆಂಚಿನಲ್ಲಿ ಎಡಕ್ಕೆ ಅಡಿಕೆ ಮಂಡಿಯ ಹಮಾಲಿಯ ಮಗ, ಬಲಕ್ಕೆ ಭದ್ರಾವತಿಯ ಕಾರ್ಖಾನೆ ಕಾರ್ಮಿಕರೊಬ್ಬರ ಮಗ. ಇಬ್ಬರೂ ಈಗ ಮೂರನೇ ಸಾಲಿನಲ್ಲಿ ಕೂತು ನಗುತ್ತಿದ್ದಾರೆ. ಬೀಜಗಣಿತವನ್ನು ಮಗಳಿಗೆ ನಾನೇ ಹೇಳಿಕೊಡಬಲ್ಲೆ. ಇವರನ್ನು ಮನೆಗೆ ಎಲ್ಲಿಂದ ತರಿಸಲಿ?

ಸದ್ಯಕ್ಕೆ ನಾವು ಬಂದು ನಿಂತಿರುವುದು ಹೀಗೆ: ಆ ಖಾಸಗಿ ಶಾಲೆ ಬೇಡ ಎಂಬುದರಲ್ಲಿ ಇಬ್ಬರೂ ಒಂದೇ. ನನ್ನ ಒಲವು ನಡೆದು ಹೋಗುವಷ್ಟು ಹತ್ತಿರದ ಸರ್ಕಾರಿ ಪ್ರಾಥಮಿಕ ಶಾಲೆಯತ್ತ. ಹೆಂಡತಿ ಇನ್ನೂ ಒಪ್ಪಿಲ್ಲ. ಅವಳದೊಂದು ಷರತ್ತು, ಅದನ್ನು ಇಲ್ಲಿರುವ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಕೇಳಿ ಬರುವುದಾಗಿ ಮಾತು ಕೊಟ್ಟಿದ್ದೇನೆ. ಶನಿವಾರದ ಬೆಳಗಿನ ಶಾಲೆಯಲ್ಲಿ ಅವಳು ಒಂದು ಗಂಟೆ ಹಿಂದಿನ ಸಾಲಿನಲ್ಲಿ ಕೂತು ತರಗತಿ ನೋಡಬಹುದೇ? ಬೇಕಾದರೆ ಮಕ್ಕಳಿಗೆ ಕಥೆ ಓದಿ ಹೇಳುತ್ತಾಳಂತೆ. ಊಟದ ಹೊತ್ತಿಗೆ ಯಾರಾದರೂ ಉತ್ತರ ಹೇಳಿದರೆ ಮನೆಗೆ ಹೋಗಲು ನನಗೆ ಧೈರ್ಯ ಬರುತ್ತದೆ.