ಎಣ್ಣೆ ಬಂದಾಗ ಕಣ್ಣು ತೆರೆದಿರಲಿ

(ಮನೆಯಲ್ಲಿಯೇ ಮಾಡಿಕೊಳ್ಳುವ ಕೇಶಸಂರಕ್ಷಣೆ ಹಾಗೂ ನೈಸರ್ಗಿಕ ಎಣ್ಣೆಗಳ ಆಯ್ಕೆ ಕುರಿತು ದುಮ್ಮವಾಡದ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಾಠ)



‘ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು’ ಎಂಬ ಗಾದೆಯಿದೆ. ಕೈಗೆ ಬಂದ ಅವಕಾಶವನ್ನು ಕಾಣದೆ ಕಳೆದುಕೊಳ್ಳುವವರನ್ನು ಕುರಿತ ಈ ಮಾತು ಕೇಶತೈಲದ ವಿಷಯದಲ್ಲಿ ಇಂದು ಅಕ್ಷರಶಃ ಸತ್ಯವಾಗಿದೆ. ಧಾರವಾಡ ಜಿಲ್ಲೆಯ ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿಗಳ ಎರೆಭೂಮಿ; ಅಲ್ಲಿ ಕುಸುಬೆ, ಅಗಸೆ, ಶೇಂಗಾಗಳ ಪರಂಪರೆ. ಪಶ್ಚಿಮಕ್ಕೆ ಕಲಘಟಗಿಯ ಅರೆಮಲೆನಾಡು. ಇಲ್ಲಿ ಹೊಂಗೆ, ಬೇವು, ಹಿಪ್ಪೆ, ಸೀಗೆ. ಒಂದೇ ಜಿಲ್ಲೆಯಲ್ಲಿ ಇಷ್ಟು ಬಗೆಯ ಎಣ್ಣೆಬೀಜಗಳನ್ನು ಕಂಡ ನಾಡಿನ ಜನ, ಸಂತೆಯಲ್ಲಿ ಬಣ್ಣದ ಬಾಟಲಿಯನ್ನು ಅದರ ಮೇಲಿನ ಬರಹ ಓದದೆಯೇ ಕೊಳ್ಳುತ್ತಾರೆ. ಅಂಥ ಅನೇಕ ಬಾಟಲಿಗಳ ಘಟಕಪಟ್ಟಿಯಲ್ಲಿ ಮೊದಲಿಗೆ ಕಾಣುವ ಹೆಸರು ‘ಮಿನರಲ್ ಆಯಿಲ್’ ಅಥವಾ ‘ಲೈಟ್ ಲಿಕ್ವಿಡ್ ಪ್ಯಾರಾಫಿನ್’. ಇದು ಕಲ್ಲೆಣ್ಣೆಯಿಂದ ಶುದ್ಧೀಕರಿಸಿ ತೆಗೆದ ದ್ರವ. ಇದು ವಿಷವಲ್ಲ, ಕೂದಲಿನ ಮೇಲೆ ನುಣುಪಾದ ಪದರವನ್ನೂ ಹರಡುತ್ತದೆ. ಆದರೆ ಬಾಟಲಿಯ ಮೇಲೆ ಬಾದಾಮಿಯದೋ ನೆಲ್ಲಿಯದೋ ಚಿತ್ರವಿದ್ದ ಮಾತ್ರಕ್ಕೆ ಒಳಗಿರುವುದು ಅದರ ಎಣ್ಣೆಯೆಂದು ತಿಳಿಯಬೇಕಾಗಿಲ್ಲ.

ಕೂದಲಿನ ರಚನೆ

ಎಣ್ಣೆಯ ಆಯ್ಕೆಗೆ ಮೊದಲು ಕೂದಲನ್ನು ಅರಿಯಬೇಕು. ನೆತ್ತಿಯ ಹೊರಗೆ ಕಾಣುವ ಕೂದಲು ನಿರ್ಜೀವ. ಕೆರಾಟಿನ್ ಎಂಬ ಪ್ರೋಟೀನಿನ ಎಳೆ. ಅದರ ಹೊರಮೈಯಲ್ಲಿ ಮಾಡಿನ ಹಂಚುಗಳಂತೆ ಒಂದರ ಮೇಲೊಂದು ಹೊದಿಸಿದ ಹುರುಪೆಗಳಿವೆ. ನೀರು ಹೀರಿದಾಗ ಎಳೆ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಇದು ಪದೇ ಪದೇ ನಡೆದರೆ ಹಂಚುಗಳು ಸಡಿಲವಾಗಿ, ಬಾಚಣಿಗೆ ತಾಗಿ ಮುರಿಯುತ್ತವೆ. ಒಳಗಿನ ಪ್ರೋಟೀನು ಸೋರಿಹೋಗುತ್ತದೆ. ಎಣ್ಣೆಯ ಕೆಲಸ ಈ ಮಾಡನ್ನು ಕಾಯುವುದು. ನಿರ್ಜೀವ ಎಳೆಗೆ ಯಾವ ಎಣ್ಣೆಯೂ ಆಹಾರ ಉಣಿಸಲಾರದು.

ಯಾವ ಎಣ್ಣೆ, ಯಾವ ಕೆಲಸಕ್ಕೆ?

ಎಣ್ಣೆಯ ಗುಣವನ್ನು ನಿರ್ಧರಿಸುವುದು ಅದರಲ್ಲಿರುವ ಕೊಬ್ಬಿನಾಮ್ಲಗಳು. ಕೊಬ್ಬರಿ ಎಣ್ಣೆಯ ಸುಮಾರು ಅರ್ಧ ಭಾಗ ಲಾರಿಕ್ ಆಮ್ಲ. ಇದರ ಅಣು ಚಿಕ್ಕದು, ನೇರವಾದದ್ದು. ಆದ್ದರಿಂದ ಕೂದಲಿನ ಒಳಗೆ ಸೇರಬಲ್ಲದು. 2003ರಲ್ಲಿ ಆರತಿ ರೇಳೆ ಮತ್ತು ಆರ್.ಬಿ. ಮೊಹಿಲೆ ಪ್ರಕಟಿಸಿದ ಅಧ್ಯಯನದಲ್ಲಿ ಕೊಬ್ಬರಿ, ಸೂರ್ಯಕಾಂತಿ ಮತ್ತು ಖನಿಜ ಎಣ್ಣೆಗಳನ್ನು ಹೋಲಿಸಲಾಯಿತು. ತೊಳೆಯುವ ಮುನ್ನ ಹಚ್ಚಿದಾಗಲೂ ತೊಳೆದ ನಂತರ ಹಚ್ಚಿದಾಗಲೂ ಪ್ರೋಟೀನಿನ ನಷ್ಟವನ್ನು ಗಮನಾರ್ಹವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆಯೊಂದೇ. ಈ ಸಂಶೋಧಕರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರೆಂಬುದನ್ನೂ ಓದುಗರು ತಿಳಿದಿರಬೇಕು.

ಕುಸುಬೆ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಭಾಗ ಲಿನೋಲಿಯಿಕ್ ಆಮ್ಲವಿದೆ. ಇಂಥ ತೆಳು ಎಣ್ಣೆ ಒಳಗೆ ಇಳಿಯುವುದಕ್ಕಿಂತ ಹೊರಮೈಯಲ್ಲಿ ಹರಡಿ ಸಿಕ್ಕು ಬಿಡಿಸಲು ಒದಗುತ್ತದೆ; ತೊಳೆದ ಕೂದಲಿನ ತುದಿಗೆ ಎರಡು ಹನಿ ಸಾಕು. ಆದರೆ ಬೇಗ ಕಮಟುತ್ತದೆ. ಆದ್ದರಿಂದ ಸ್ವಲ್ಪ ಸ್ವಲ್ಪವೇ ಕೊಳ್ಳಬೇಕು. ಎಳ್ಳೆಣ್ಣೆಯಲ್ಲಿ ಕಮಟುವಿಕೆಯನ್ನು ತಡೆಯುವ ಸಹಜ ದ್ರವ್ಯಗಳಿರುವುದರಿಂದ ಅದು ಹೆಚ್ಚು ಕಾಲ ಬಾಳುತ್ತದೆ.

ಔಡಲ ಎಣ್ಣೆ ಬಹು ಮಂದ. ಅದರ ನೂರಕ್ಕೆ 85ರಿಂದ 90 ಭಾಗ ರಿಸಿನೋಲಿಯಿಕ್ ಆಮ್ಲ. ನೀಳವಾದ ಕೂದಲಿಗೆ ಔಡಲ ಎಣ್ಣೆ ಬಳಸಿದ ಬಳಿಕ ಕೂದಲು ಬಿಡಿಸಲಾಗದಂತೆ ಗಂಟುಗಟ್ಟಿದ ಪ್ರಕರಣವೊಂದು 2017ರಲ್ಲಿ ಭಾರತದಿಂದಲೇ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಬಳಸುವುದಾದರೆ ಕೊಬ್ಬರಿ ಅಥವಾ ಎಳ್ಳೆಣ್ಣೆಗೆ ಅಲ್ಪ ಪ್ರಮಾಣದಲ್ಲಿ ಬೆರೆಸಬೇಕು. ಅಗಸೆ ಎಣ್ಣೆ ಊಟಕ್ಕೆ ಉತ್ತಮ; ಆದರೆ ಗಾಳಿಗೆ ಒಣಗಿ ಅಂಟುಪೊರೆಯಾಗುವ ಗುಣದಿಂದಲೇ ಅದನ್ನು ಬಣ್ಣಕ್ಕೂ ಮರಗೆಲಸಕ್ಕೂ ಬಳಸುತ್ತಾರೆ. ತಲೆಗೆ ಅದು ತಕ್ಕುದಲ್ಲ.

ಬೇವು, ಹೊಂಗೆಗಳ ಎಣ್ಣೆಯನ್ನು ನಿತ್ಯದ ಕೇಶತೈಲವೆಂದು ಭಾವಿಸಬಾರದು. ಬೇವಿನ ಎಣ್ಣೆ ಹೊಟ್ಟೆಗೆ ಸೇರಿದರೆ ಚಿಕ್ಕಮಕ್ಕಳ ಪ್ರಾಣಕ್ಕೇ ಅಪಾಯ. ಅದನ್ನು ಮಕ್ಕಳ ಕೈಗೆಟುಕದಂತೆ ಇಡಬೇಕು.

ಎಣ್ಣೆಯಿಂದ ಆಗದಿರುವುದು

ಎಣ್ಣೆ ಹೊಸ ಕೂದಲನ್ನು ಹುಟ್ಟಿಸುತ್ತದೆ ಎಂಬ ಜಾಹೀರಾತನ್ನು ನಂಬಿ ಹಣ ಕಳೆದುಕೊಳ್ಳುವವರು ಬಹಳ. ಕೂದಲು ಹೇರಳವಾಗಿ ಉದುರುತ್ತಿದ್ದರೆ ಕಾರಣ ದೇಹದೊಳಗೆ ಇರಬಹುದು: ಹೆರಿಗೆಯ ನಂತರದ ಬದಲಾವಣೆ, ತೀವ್ರ ಜ್ವರ, ಥೈರಾಯ್ಡ್ ದೋಷ, ಕಬ್ಬಿಣದ ಕೊರತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಯುಳ್ಳವರು. ಅಂಥ ಹೆಣ್ಣುಮಗಳಿಗೆ ದುಬಾರಿ ಬಾಟಲಿಗಿಂತ ಪ್ರಾಥಮಿಕ ಆರೋಗ್ಯ ಕೇಂದ್ರದ ರಕ್ತಪರೀಕ್ಷೆ ಮೊದಲು ಬೇಕು. ಹೊಟ್ಟಿನ ಮಾತೂ ಹೀಗೆಯೇ. ಹೊಟ್ಟಿಗೆ ಸಂಬಂಧಿಸಿದ ಮಲಸೀಸಿಯಾ ಎಂಬ ಸೂಕ್ಷ್ಮ ಶಿಲೀಂಧ್ರ ಕೊಬ್ಬಿನಾಮ್ಲಗಳನ್ನು ಉಂಡೇ ಬದುಕುತ್ತದೆ. ಆದ್ದರಿಂದ ಹೊಟ್ಟಿರುವ ನೆತ್ತಿಗೆ ರಾತ್ರಿಯಿಡೀ ಎಣ್ಣೆ ಹಚ್ಚಿಡುವುದು ಅದಕ್ಕೆ ಉಣಬಡಿಸಿದಂತೆ.

ವಿಧಾನ ಮತ್ತು ಪರೀಕ್ಷೆ

ಒಂದೆರಡು ಚಮಚ ಎಣ್ಣೆಯ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗಾಗಿಸಿ, ತೊಳೆಯುವ ಒಂದೆರಡು ಗಂಟೆ ಮೊದಲು ಕೂದಲಿನ ನಡುಭಾಗದಿಂದ ತುದಿಯವರೆಗೆ ಸವರಬೇಕು. ವಾರಕ್ಕೊಮ್ಮೆ ಸಾಕು. ಹೊಸ ಎಣ್ಣೆಯನ್ನು ಮೊದಲು ಮುಂಗೈಯ ಒಳಭಾಗಕ್ಕೆ ಹಚ್ಚಿ, ಒಂದೆರಡು ದಿನ ತುರಿಕೆ ಬಾರದೆಂದು ಖಚಿತಪಡಿಸಿಕೊಳ್ಳಬೇಕು. ಎಣ್ಣೆಯನ್ನು ಗಾಜಿನ ಇಲ್ಲವೇ ಸ್ಟೀಲಿನ ಪಾತ್ರೆಯಲ್ಲಿ, ಬೆಳಕು ತಾಗದ ಕಡೆ ಇಡಬೇಕು.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಗಾಜಿನ ಲೋಟದಲ್ಲಿ ತಂಪಿಗಿಟ್ಟಾಗ ಒಂದು ಪದರ ಹೆಪ್ಪಾಗದೆ ದ್ರವವಾಗಿಯೇ ಉಳಿದರೆ ಬೇರೆ ಎಣ್ಣೆ ಬೆರೆತಿದೆಯೆಂದು ಶಂಕಿಸಬೇಕು. ಒಂದೇ ಎಣ್ಣೆ ಅಡುಗೆಯದೋ ತಲೆಯದೋ ಎಂಬ ತೆರಿಗೆ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಚಿಕ್ಕ ಪೊಟ್ಟಣದಲ್ಲಿದ್ದ ಮಾತ್ರಕ್ಕೆ ಶುದ್ಧ ಕೊಬ್ಬರಿ ಎಣ್ಣೆ ಕೇಶತೈಲವಾಗದು ಎಂದು ನ್ಯಾಯಾಲಯ 2024ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ಊಟಕ್ಕೆ ತಂದ ಗಾಣದ ಎಣ್ಣೆಯನ್ನೇ ತಲೆಗೂ ಹಚ್ಚುವ ಮನೆಯ ಹಿರಿಯರಿಗೆ ಇದು ಹೊಸ ಸಂಗತಿಯಲ್ಲ.

ತಲೆಯಿಂದ ಹಳ್ಳಕ್ಕೆ, ಹಳ್ಳದಿಂದ ಹೊಲಕ್ಕೆ

ಮಿತವಾಗಿ ಹಚ್ಚಿದ ಎಣ್ಣೆಗೆ ಸೀಗೆಪುಡಿ ಸಾಕಾಗುತ್ತದೆ. ಸುರಿದುಕೊಂಡ ಎಣ್ಣೆ ಶಾಂಪೂ ಬೇಡುತ್ತದೆ. ಶಾಂಪೂವಿನಲ್ಲಿ ನೊರೆ ಕೊಡುವ ಸಲ್ಫೇಟುಗಳು ಬಹುಮಟ್ಟಿಗೆ ತಯಾರಾಗುವುದು ತಾಳೆಬೀಜ ಅಥವಾ ಕೊಬ್ಬರಿಯ ಎಣ್ಣೆಯಿಂದಲೇ. ಇಂಡೋನೇಷ್ಯಾ, ಮಲೇಷ್ಯಾಗಳಲ್ಲಿ ತಾಳೆತೋಟಗಳಿಗಾಗಿ ಮಳೆಕಾಡು ಕಡಿದ ಕಥೆ ಎಲ್ಲರಿಗೂ ತಿಳಿದದ್ದು. ಶಾಂಪೂವಿನ ಪುಟ್ಟ ಪೊಟ್ಟಣಗಳ ಹಲವು ಪದರಗಳ ಪ್ಲಾಸ್ಟಿಕ್ಕನ್ನು ಗುಜರಿಯವರೂ ಕೊಳ್ಳರು. ಅವು ಮಳೆಯ ಜೊತೆ ಹಳ್ಳ ಸೇರುತ್ತವೆ. ಹುಬ್ಬಳ್ಳಿಗೆ ದಶಕಗಳ ಕಾಲ ಕುಡಿಯುವ ನೀರು ಕೊಟ್ಟ ನೀರಸಾಗರ ದುಮ್ಮವಾಡದ ನೆರೆಯಲ್ಲೇ ಇದೆ. ಅದಕ್ಕೆ ನೀರೂಡುವ ಬೇಡ್ತಿಯೇ ಮುಂದೆ ಗಂಗಾವಳಿಯಾಗಿ ಅಂಕೋಲೆಯ ಬಳಿ ಕಡಲು ಸೇರುತ್ತದೆ. ಸೀಗೆ, ಅಂಟುವಾಳಗಳ ನೊರೆಯೂ ನಿರಪಾಯವಲ್ಲ. ಅದರ ಸಪೋನಿನ್ ಮೀನುಗಳಿಗೆ ಮಾರಕ. ತಲೆ ತೊಳೆದ ನೀರು ಕೆರೆಗೆ ಹರಿಯದೆ ಹಿತ್ತಲ ಗಿಡಕ್ಕೆ ಹೋಗಬೇಕು. ಹಾಗೆಯೇ ಸೀಗೆಕಾಯಿಗಾಗಿ ಬಳ್ಳಿಯನ್ನೇ ಕಡಿಯುವ ಅವಸರ ನಿಲ್ಲಬೇಕು.

ಕೊನೆಯದಾಗಿ ಕುಸುಬೆಯ ಮಾತು. ಹಿಂಗಾರಿನಲ್ಲಿ ಎರೆಮಣ್ಣಿನ ಆಳದ ತೇವವನ್ನೇ ಹೀರಿ ಬೆಳೆಯುವ, ದನಗಳು ನುಗ್ಗದಂತೆ ಜೋಳದ ಹೊಲಕ್ಕೆ ಮುಳ್ಳಿನ ಬೇಲಿಯಾಗಿ ನಿಲ್ಲುವ ಬೆಳೆ ಅದು. ‘ಅಣ್ಣಿಗೇರಿ–1’ ಎಂಬ ತಳಿ ಈ ಜಿಲ್ಲೆಯ ಊರೊಂದರ ಹೆಸರನ್ನೇ ಹೊತ್ತಿದೆ. ಮುಳ್ಳಿನ ಕೊಯ್ಲಿಗೆ ಆಳು ದೊರೆಯದೆ, ಅಗ್ಗದ ಆಮದು ಎಣ್ಣೆಯೆದುರು ಬೆಲೆ ನಿಲ್ಲದೆ, ಅದು ಹೊಲಗಳಿಂದ ಸರಿಯುತ್ತಾ ಬಂದಿದೆ. ದೇಶ ಬಳಸುವ ಖಾದ್ಯತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಇಂದು ಹೊರಗಿನಿಂದ ಬರುತ್ತಿದೆ. ವಾರಕ್ಕೆ ಎರಡು ಚಮಚದ ಕೇಶತೈಲದಿಂದ ಕುಸುಬೆ ಮರಳಿ ಬಾರದು. ಆದರೆ ಅದೇ ಮನೆ ಒಗ್ಗರಣೆಗೂ ತಲೆಗೂ ಊರ ಗಾಣದ ಎಣ್ಣೆ ಕೊಂಡರೆ ಗಾಣ ತಿರುಗುತ್ತದೆ. ಗಾಣ ತಿರುಗಿದರೆ ಬೀಜಕ್ಕೆ ಗಿರಾಕಿ ಹುಟ್ಟುತ್ತಾನೆ. ಗಿರಾಕಿ ಇದ್ದರೆ ರೈತ ಎರಡು ಸಾಲಾದರೂ ಬಿತ್ತುತ್ತಾನೆ. ಮುಂದಿನ ಸಂತೆಯಲ್ಲಿ ಬಾಟಲಿ ಹಿಡಿದ ಕೈ ಅದನ್ನೊಮ್ಮೆ ತಿರುಗಿಸಲಿ, ಹಿಂಬದಿಯ ಸಣ್ಣಕ್ಷರಗಳನ್ನು ಓದಲಿ. ಮನೆಯಲ್ಲಿ ಓದುಬಲ್ಲ ಮಕ್ಕಳು ಹಿರಿಯರಿಗೆ ಓದಿ ಹೇಳಲಿ.