ಖನಿಜಚೂರ್ಣದಿಂದ ಮಿಶ್ರದ್ರವ್ಯಗಳಿಗೆ ಬರುವ ಬಲ



ಇಷ್ಟಲಿಂಗಕ್ಕೆ ಕಟ್ಟುವ ಕಂತಿಯನ್ನು ತಾವೆಲ್ಲರೂ ಬಲ್ಲಿರಿ. ಭಸ್ಮವನ್ನು ತೈಲದಲ್ಲಿ ಕಲಸಿ ಲೇಪಿಸಿದರೆ ಅದು ಬಿಗಿದುಕೊಂಡು ಒಳಗಣ ಶಿಲೆಯನ್ನು ಸವೆತದಿಂದ ಕಾಯುವುದು. ಇದನ್ನು ನೋಡಿ ನಮ್ಮ ಕೆಲವು ತರುಣ ಶಿಷ್ಯರು, ಇಂದಿನ ನ್ಯಾನೋ ವಿದ್ಯೆಯೆಲ್ಲವೂ ಪೂರ್ವಿಕರಿಗೆ ತಿಳಿದಿತ್ತೆಂದು ಸಂಭ್ರಮಿಸುವರು. ಈ ಮಾತನ್ನು ನಾನು ಒಪ್ಪಲಾರೆ. ಪುಡಿ ಬೆರಸಿ ಲೇಪಕ್ಕೆ ಗಟ್ಟಿತನ ತರುವುದು ಹಳೆಯ ಕೈಗಾರಿಕೆ. ಆ ಪುಡಿಯ ಕಣವನ್ನು ಎಸಳೆಸಳಾಗಿ ಬಿಡಿಸುವುದು ಬೇರೆಯೇ ವಿದ್ಯೆ. ಅದರ ಕೀರ್ತಿಯು ಅದನ್ನು ಸಾಧಿಸಿದವರಿಗೇ ಸಲ್ಲತಕ್ಕದ್ದು.

ಸಾಧಿಸಿದವರು ಜಪಾನು ದೇಶದ ಟೊಯೋಟಾ ಸಂಶೋಧನಾಲಯದವರು. ಮಾಂಟ್‌ಮೊರಿಲೊನೈಟ್ ಎಂಬುದೊಂದು ಜೇಡಿ. ಅದರ ಕಣವು ಹೊತ್ತಿಗೆಯಂತೆ ಪದರಪದರವಾಗಿದ್ದು, ಒಂದೊಂದು ಪದರದ ದಪ್ಪವು ಸುಮಾರು 1 ನ್ಯಾನೋಮೀಟರ್, ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಈ ಜೇಡಿಗೆ ನೀರಿನಲ್ಲಿ ಒಲವು, ಎಣ್ಣೆಯಂಥ ದ್ರವ್ಯಗಳಲ್ಲಿ ಹಗೆ. ಆದುದರಿಂದ ಅವರು ಪದರಗಳ ನಡುವಣ ಸೋಡಿಯಂ ಅಂಶವನ್ನು ತೆಗೆದು, ಆ ಎಡೆಯಲ್ಲಿ ಉದ್ದವಾದ ಅಂಗಾರಸರಪಣಿಯುಳ್ಳ ಆಮ್ಲವೊಂದನ್ನು ಕೂಡಿಸಿದರು. ಬಳಿಕ ಪದರಗಳ ನಡುವೆಯೇ ನೈಲಾನ್ ಬೆಳೆಯುವಂತೆ ಮಾಡಲು, ಹೊತ್ತಿಗೆಯ ಹಾಳೆಗಳೆಲ್ಲವೂ ಬಿಚ್ಚಿ ಚೆದರಿದವು. ನೂರಕ್ಕೆ 4 ಪಾಲಿನಷ್ಟೇ ಜೇಡಿ! ಅಷ್ಟರಿಂದಲೇ ನೈಲಾನಿನ ಬಿಗುಪು ಇಮ್ಮಡಿಯ ಹತ್ತಿರಕ್ಕೆ ಏರಿತು. ಭಾರದ ಕೆಳಗೆ 65 ಡಿಗ್ರಿ ಸೆಂಟಿಗ್ರೇಡಿನಲ್ಲಿ ಬಾಗುತ್ತಿದ್ದುದು 152 ಡಿಗ್ರಿಯವರೆಗೆ ತಡೆಯಿತು. ಈ ವಿವರಗಳನ್ನು ಅವರು 1993ರಲ್ಲಿ ಪ್ರಕಟಿಸಿದರು.

ಇನ್ನು ಎರಡು ಪ್ಲಾಸ್ಟಿಕ್ಕುಗಳ ಬೆರಕೆಯ ಸಂಗತಿ. ನಮ್ಮ ದಾಸೋಹದ ಮನೆಗೆ ಹಳೆಯ ಸಾಮಾನನ್ನು ಕರಗಿಸಿ ಎರಕ ಹೊಯ್ದ ಬಕೀಟುಗಳು ಬಂದಿದ್ದವು. ಸಾರು ಬಡಿಸುವಾಗಲೇ ಒಂದರ ಅಂಚು ಸೀಳಿ, ಬಡಿಸುತ್ತಿದ್ದ ಹುಡುಗನ ಕಾಲಿನ ಮೇಲೆ ಬಿಸಿ ಸಾರು ಚೆಲ್ಲಿತು. ಕಾರಣವನ್ನು ರಸಾಯನ ಬಲ್ಲವರು ತಿಳಿಸಿದರು: ಪಾಲಿಥೀನೂ ಪಾಲಿಪ್ರೊಪಿಲೀನೂ ನೋಟಕ್ಕೆ ಒಂದೇ ಮನೆಯವಾದರೂ ಕರಗಿಸಿದಲ್ಲಿ ಕೂಡುವುದಿಲ್ಲ, ಒಂದು ಇನ್ನೊಂದರೊಳಗೆ ಹನಿಹನಿಯಾಗಿ ನಿಲ್ಲುವುದು. ಹನಿಗಳು ಕಲೆತು ದಪ್ಪವಾದಂತೆ ಅವುಗಳ ಎಲ್ಲೆಯಲ್ಲಿ ಬಿರುಕು ಹುಟ್ಟುವುದು. ತಕ್ಕ ಸಂಸ್ಕಾರ ಹೊಂದಿದ ಜೇಡಿಯ ಎಸಳು ಆ ಎಲ್ಲೆಯಲ್ಲಿ ಕುಳಿತರೆ ಹನಿಗಳನ್ನು ಒಂದನ್ನೊಂದು ಸೇರಗೊಡದು. ಬೆರಕೆಯ ಹೆಣಿಗೆ ನಯವಾಗುವುದು.

ಆದರೆ ಎಸಳು ಎಲ್ಲೆಯಲ್ಲಿಯೇ ಕೂರುವುದೆಂಬ ಭರವಸೆ ಏನು? ತನಗೆ ಹೆಚ್ಚು ಒಲಿದ ದ್ರವ್ಯದೊಳಗೇ ಅಡಗಿಬಿಟ್ಟರೆ ಎಲ್ಲೆಯು ಮೊದಲಿನಂತೆಯೇ ದುರ್ಬಲ. ಜೇಡಿ ಮಿತಿ ಮೀರಿದರೆ ಗಂಟುಕಟ್ಟಿ ತಾನೇ ಬಿರುಕಿಗೆ ಮೂಲವಾಗುವುದು. ಜೇಡಿಯನ್ನು ಪಳಗಿಸಲು ಸಾಮಾನ್ಯವಾಗಿ ಬಳಸುವ ಲವಣಗಳು ಸುಮಾರು 200 ಡಿಗ್ರಿಯ ಮೇಲೆ ಕೆಡತೊಡಗುವುದೂ ಒಂದು ತೊಡಕು. ಕೊಳೆ, ಬಣ್ಣ, ಹತ್ತು ಜಾತಿಯ ತುಣುಕು ಕೂಡಿದ ರಾಶಿಯನ್ನು ಹಿಡಿ ಮಣ್ಣಿನಿಂದ ಸರಿಪಡಿಸುವೆನೆಂಬ ವ್ಯಾಪಾರಿಯ ಮಾತನ್ನು ನಂಬತಕ್ಕದ್ದಲ್ಲ.

ಈ ಕಾರಣದಿಂದ ಉತ್ಸವ ಮುಗಿದ ಬಳಿಕ ಚೀಲಗಳನ್ನು ಒಂದು ಕಡೆಗೂ, ಲೋಟ ಡಬ್ಬಿಗಳನ್ನು ಅಡಿಯಲ್ಲಿ ಒತ್ತಿರುವ ಅಂಕೆ ನೋಡಿ ಬೇರೆ ಬೇರೆ ಕಡೆಗೂ ಇರಿಸಲು ಸ್ವಾಮಿಗಳವರ ಅಪ್ಪಣೆಯಾಗಿದೆ. ಅಂಕೆ 2 ಮತ್ತು 4 ಪಾಲಿಥೀನಿನವು, 5 ಪಾಲಿಪ್ರೊಪಿಲೀನಿನದು. ಗೋಣಿಗಳನ್ನು ಪ್ರಸಾದನಿಲಯದ ಹಿಂಬದಿಯ ಪಡಸಾಲೆಯಲ್ಲಿ ಇಡಿಸಿದ್ದೇವೆ.