ಹೊಗೆಸೊಪ್ಪು ಮತ್ತು ನಮ್ಮ ಬಾಯಿ

(ಸಂಘದ ಬೆಳ್ಳಿ ಹಬ್ಬದ ಸಭೆಯಲ್ಲಿ ಆಡಿದ ಮಾತು)



ನಮ್ಮ ಹುಣಸೂರು, ಪಿರಿಯಾಪಟ್ಟಣದ ಸೀಮೆಯಲ್ಲಿ ಹೊಗೆಸೊಪ್ಪಿನ ಕೆಡುಕು ಹೇಳುವುದು ಸುಲಭವಲ್ಲ. ಹೊಲದಲ್ಲಿ ಅದೇ, ಬ್ಯಾರನ್ನಿನಲ್ಲಿ ಅದೇ, ಮಕ್ಕಳ ಫೀಜು, ಮದುವೆ ಖರ್ಚು ಎಲ್ಲಾ ಹರಾಜಿನ ದುಡ್ಡಿನಲ್ಲೇ. "ಬೆಳೆಯೋರೇ ಬ್ಯಾಡ ಅಂದ್ರೆ ಹೆಂಗೆ?" ಅಂತ ಹಿಂದೆ ಕೂತವರು ಯಾರಾದರೂ ಗೊಣಗುತ್ತಿರಬಹುದು. ಬೆಳೆ ಬಿಡುವ ಮಾತು ನೀರಿಗೆ, ಸಾಲಕ್ಕೆ, ಬದಲಿ ಬೆಳೆಯ ಬೆಲೆಗೆ ಸೇರಿದ್ದು. ಅದನ್ನು ಇನ್ನೊಂದು ದಿನ ಆಡೋಣ. ಇವತ್ತು ನಮ್ಮ ಬಾಯಿಯ ವಿಷಯ ಮಾತ್ರ.

ಈ ಸೊಪ್ಪಿನ ಶಕ್ತಿ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಬ್ಬನಿ ಆರುವ ಮುಂಚೆ ಸೊಪ್ಪು ಮುರಿದವರಿಗೆ ತಲೆ ಸುತ್ತು, ವಾಂತಿ ಬರುವುದನ್ನು ನೋಡಿದ್ದೇವೆ. ನಿಕೋಟಿನ್ ಒದ್ದೆ ಚರ್ಮದಿಂದಲೇ ಮೈಗೆ ಇಳಿಯುತ್ತದೆ. ಕೈಯ ಚರ್ಮವನ್ನೇ ದಾಟುವ ವಸ್ತುವನ್ನು ಸುಣ್ಣದ ಜೊತೆ ತಿಕ್ಕಿ, ಕೆನ್ನೆಯ ಒಳಗಿನ ತೆಳು ಪೊರೆಗೆ ಒತ್ತಿ ಗಂಟೆಗಟ್ಟಲೆ ಇಟ್ಟುಕೊಂಡರೆ ಏನಾಗಬಹುದು? ಸುಣ್ಣ ಪೊರೆಯನ್ನು ಸುಡುತ್ತದೆ, ನಿಕೋಟಿನ್ ಬೇಗ ಒಳಗೆ ಹೋಗುವಂತೆಯೂ ಮಾಡುತ್ತದೆ. ಕಡ್ಡಿಪುಡಿ ಇಡುವ ಜಾಗದಲ್ಲಿ ವಸಡು ಕೆಳಕ್ಕೆ ಸರಿದು ಹಲ್ಲಿನ ಬೇರು ಕಾಣುತ್ತದೆ.

ಬೀಡಿ, ಸಿಗರೇಟು ಸೇದುವವರು "ನಮಗೆ ವಸಡಿನಲ್ಲಿ ರಕ್ತವೇ ಬರಲ್ಲ, ಹಲ್ಲು ಗಟ್ಟಿ" ಅನ್ನುತ್ತಾರೆ. ಮೋಸ ಇರುವುದು ಇಲ್ಲೇ. ನಿಕೋಟಿನ್ ವಸಡಿನ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಒಳಗೆ ಕೀವು ಕಟ್ಟಿ ಎಲುಬು ಸವೆಯುತ್ತಿದ್ದರೂ ಹೊರಗೆ ರಕ್ತ ಕಾಣುವುದು ಕಮ್ಮಿ. ಹಲ್ಲು ಅಲುಗಾಡಿದಾಗಲೇ ಗೊತ್ತಾಗುವುದು. ಕೀಳಿಸಿದರೆ ಗಾಯ ಮಾಯುವುದೂ ತಡ. ಸೇದುವುದು ಬಿಟ್ಟ ಹೊಸದರಲ್ಲಿ ವಸಡಿನಲ್ಲಿ ಸ್ವಲ್ಪ ರಕ್ತ ಕಾಣಿಸಬಹುದು. ಬಿಟ್ಟಿದ್ದರಿಂದಲೇ ರೋಗ ಬಂತು ಅಂತ ಮತ್ತೆ ಬೀಡಿ ಹಚ್ಚಬಾರದು. ಅಲ್ಲಿಗೆ ರಕ್ತ ಸಂಚಾರ ತಿರುಗಿ ಬರುತ್ತಿದೆ ಎಂದು ಅರ್ಥ.

ಹಲ್ಲುನೋವಿಗೆ ಹೊಗೆಸೊಪ್ಪು ಮದ್ದು ಎಂಬ ನಂಬಿಕೆಯೂ ನಮ್ಮಲ್ಲಿದೆ. ಸ್ವಲ್ಪ ಹೊತ್ತು ಮಂಪರು ಕವಿದ ಹಾಗಾಗುತ್ತದೆ, ಹುಳುಕು ಹಾಗೇ ಇರುತ್ತದೆ. ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಬೆರೆಸುವುದನ್ನು ಸರ್ಕಾರ 1992ರಲ್ಲೇ ನಿಷೇಧಿಸಿತು. ಗುಟ್ಕಾವನ್ನೂ ನಮ್ಮ ರಾಜ್ಯದಲ್ಲಿ 2013ರಲ್ಲಿ ನಿಷೇಧಿಸಿದರು. ಆಮೇಲೆ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಅಂತ ಬಂತು, ಬೆರೆಸುವ ಕೆಲಸ ನಮ್ಮ ಹುಡುಗರ ಪಾಲಿಗೆ ಬಂತು! 2016-17ರ ಕೇಂದ್ರ ಸರ್ಕಾರದ ಸಮೀಕ್ಷೆ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ 22.8 ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು.

ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುತ್ತೇವೆ. ಹಸುವಿನ ಕೆಚ್ಚಲು ಸ್ವಲ್ಪ ಬಿಸಿಯಾದರೂ ಡಾಕ್ಟರನ್ನು ಕರೆಸುತ್ತೇವೆ. ನಮ್ಮ ಬಾಯಿಯನ್ನು ನಾವು ನೋಡಿಕೊಂಡಿದ್ದೇವೆಯೇ? ತಿಂಗಳಿಗೊಮ್ಮೆ ಬಿಸಿಲಿಗೆ ಕನ್ನಡಿ ಹಿಡಿದು ಕೆನ್ನೆಯ ಒಳಭಾಗ, ತುಟಿಯ ಒಳಗೆ, ನಾಲಿಗೆಯ ಅಡಿ, ಅಂಚು ನೋಡಿಕೊಳ್ಳಬೇಕು. ಒರೆಸಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಗಂಟು, ಎರಡು ಮೂರು ವಾರವಾದರೂ ಮಾಯದ ಹುಣ್ಣು ಇದ್ದರೆ ಹಲ್ಲಿನ ಡಾಕ್ಟರಿಗೆ ತೋರಿಸಬೇಕು. ನೋವಿಲ್ಲ ಅಂತ ಸುಮ್ಮನಿರಬಾರದು, ಬಾಯಿ ಕ್ಯಾನ್ಸರ್ ಮೊದಮೊದಲು ನೋಯದೆಯೂ ಇರುತ್ತದೆ. ಮೂರು ಬೆರಳು ಉದ್ದುದ್ದಕ್ಕೆ ಜೋಡಿಸಿ ಬಾಯೊಳಗೆ ಹೋಗುತ್ತದೋ ನೋಡಿ. ಅಡಿಕೆ, ಗುಟ್ಕಾ ಅಗಿಯುವವರಿಗೆ ಕೆನ್ನೆ ನಾರು ಕಟ್ಟಿ ಬಾಯಿ ತೆರೆಯುವುದೇ ಕಮ್ಮಿಯಾಗುತ್ತದೆ, ಖಾರ ತಿಂದರೆ ಉರಿ. ಅಕ್ಕ-ತಂಗಿಯರೂ ಎಲೆ-ಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರಿದ್ದೀರಿ, ನಿಮಗೂ ಇದೇ ಮಾತು. ಬೇಗ ಕಂಡರೆ ಚಿಕಿತ್ಸೆ ಸಣ್ಣದರಲ್ಲಿ ಮುಗಿಯಬಹುದು. ತಡವಾದರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಓಡಾಟ, ದವಡೆ ತೆಗೆಯುವ ಸ್ಥಿತಿ.

ಬಿಡಬೇಕೆನ್ನುವವರಿಗೆ 1800-11-2356 ಎಂಬ ಸರ್ಕಾರದ ಪುಕ್ಕಟೆ ಫೋನ್ ನಂಬರಿದೆ. ಅದನ್ನು ಡೈರಿಯ ಗೋಡೆಯ ಮೇಲೆ, ಫ್ಯಾಟಿನ ರೇಟು ಬರೆಯುವ ಹಲಗೆಯ ಪಕ್ಕ ಬರೆಸುವಂತೆ ಕಾರ್ಯದರ್ಶಿಗಳನ್ನು ಕೇಳಿಕೊಳ್ಳುತ್ತೇವೆ. ಹಾಲು ಅಳೆಯುವ ಹೊತ್ತಿನಲ್ಲಿ ಜಗುಲಿಯ ಮೇಲೆ ಬೀಡಿ ಬೇಡ ಎಂಬ ಮಾತನ್ನೂ ಮುಂದಿನ ಆಡಳಿತ ಮಂಡಳಿ ಸಭೆಗೆ ಇಡಲಿದ್ದೇವೆ. ವಿರೋಧ ಇರುವವರು ಅವತ್ತು ಬಂದು ಹೇಳಬಹುದು.